ಹಳೇ ಫೋಟೋ ಸ್ಕ್ಯಾನ್ ಮಾಡಿಸುವವರು ಹಾಸನದ ಈ ಸ್ಟುಡಿಯೋಗೆ ಹೋಗಿ

ಹಾಸನದಲ್ಲಿ ಫೋಟೋ ಸ್ಕ್ಯಾನ್ ಮಾಡಿಕೊಡುವ ಅಂಗಡಿಗಳು ಬೇಕಾದಷ್ಟಿವೆ. ಬಿ.ಎಂ. ರಸ್ತೆಗೆ ಸೇರುವ ಅಡ್ಡರಸ್ತೆಯ ಈ ಪುಟ್ಟ ಸ್ಟುಡಿಯೋ ನನಗೆ ಇಷ್ಟವಾಗಿದ್ದು ಒಂದೇ ಕಾರಣಕ್ಕೆ. ಇವರು ಫೋಟೋದ ಹಿಂಬದಿಯನ್ನೂ ಓದುತ್ತಾರೆ.

ನಮ್ಮಜ್ಜನ ಟ್ರಂಕಿನಲ್ಲಿದ್ದ ಒಂದು ಫೋಟೋದಲ್ಲಿ ಮಣ್ಣಿನ ದಿಬ್ಬದ ಮೇಲೆ ನಾಲ್ಕು ಜನ ನಿಂತಿದ್ದಾರೆ, ಅಷ್ಟೇ. ತಿರುಗಿಸಿದರೆ ನೀಲಿ ಶಾಯಿಯಲ್ಲಿ ‘ಗೊರೂರು, ಕಟ್ಟೆ ಕೆಲಸ, 1974’ ಅಂತಿದೆ. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಂದರೆ ಇದು ಕಟ್ಟುತ್ತಿದ್ದಾಗಿನ ಫೋಟೋ! ಆ ಒಂದು ಸಾಲು ಇಲ್ಲದಿದ್ದರೆ ಯಾವುದೋ ದಿಬ್ಬ, ಯಾರೋ ಜನ.

ಸುಮ್ನೆ ಸ್ಕ್ಯಾನ್ ಮಾಡಿದರೆ ಆ ಸಾಲು ಕಾಗದದಲ್ಲೇ ಉಳಿಯುತ್ತದೆ. ಈಗಿನ ಮೊಬೈಲು ಫೋಟೋ ತೆಗೆದಾಗಲೇ ದಿನ, ಸಮಯ, ಲೊಕೇಶನ್ ಆನ್ ಇದ್ದರೆ ಜಾಗ, ಎಲ್ಲವನ್ನೂ ಫೈಲಿನೊಳಗೆ ಬರೆದುಕೊಳ್ಳುತ್ತದೆ. ಇದೇ ಮೆಟಾಡೇಟಾ. ಹಳೇ ಪ್ರಿಂಟಿಗೆ ಅದನ್ನು ನಾವೇ ತುಂಬಬೇಕು. ಇಲ್ಲಿ ಕಂಪ್ಯೂಟರ್ ಮುಂದಿದ್ದ ಹುಡುಗಿ ತಾರೀಖನ್ನು 1974ಕ್ಕೆ ಬದಲಿಸಿದರು. ತಾರೀಖಿನ ಜಾಗದಲ್ಲಿ ದಿನ, ತಿಂಗಳು ಕೂಡ ಬೇಕು. ಜನವರಿ 1 ಅಂತ ಹಾಕಿ, ವಿವರದಲ್ಲಿ ‘ವರ್ಷ ಮಾತ್ರ ಖಚಿತ’ ಅಂತ ಸೇರಿಸಿದರು. ಈ ಪ್ರಾಮಾಣಿಕತೆ ನನಗೆ ತುಂಬಾ ಹಿಡಿಸಿತು.

ಹೆಸರಿನ ವಿಷಯದಲ್ಲೂ ಅಷ್ಟೇ ಕಾಳಜಿ. “ಬರೀ ಅಜ್ಜ ಅಂತ ಬೇಡ ಸಾರ್, ಪೂರ್ತಿ ಹೆಸರು ಹೇಳಿ. ನಿಮ್ಮ ಮೊಮ್ಮಕ್ಕಳಿಗೆ ಅಜ್ಜ ಅಂದ್ರೆ ನೀವೇ ಅಲ್ವಾ?” ಅಂದರು. ಎಂಥ ಮಾತು!

ಸ್ಕ್ಯಾನಿಗೆ ಫೋಟೋಗೆ 25 ರೂಪಾಯಿ, ವಿವರ ತುಂಬಲು 10 ಜಾಸ್ತಿ. ಆ ಹತ್ತು ರೂಪಾಯಿ ಖಂಡಿತ ಕೊಡಿ.

ಒಂದು ಕೊರತೆ ಇದೆ. ಕೆಲವು ಫೋಟೋಗೆ ‘ಸಕಲೇಶಪುರ’, ಕೆಲವಕ್ಕೆ ‘ಸಕ್ಲೇಶ್‌ಪುರ’ ಅಂತ ಟ್ಯಾಗ್ ಹಾಕಿದ್ದರು. ಕಂಪ್ಯೂಟರಿಗೆ ಅವು ಎರಡು ಬೇರೆ ಊರು; ಹುಡುಕಿದರೆ ಅರ್ಧ ಫೋಟೋ ಸಿಗೋದೇ ಇಲ್ಲ. ಹೇಳಿದ ಮೇಲೆ ಸರಿಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ. ಊರು, ಹೆಸರುಗಳ ಒಂದು ಪಟ್ಟಿ ಬರೆದುಕೊಂಡು ಹೋದರೆ ಈ ತೊಂದರೆ ಇರಲ್ಲ.

ಫೈಲುಗಳನ್ನು ಪೆನ್‌ಡ್ರೈವಿನಲ್ಲೇ ತಗೊಳ್ಳಿ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಈ ವಿವರಗಳು ಉದುರಿಹೋಗುತ್ತವೆ. ನೆಂಟರಿಗೆ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ವಿಂಡೋಸ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್ ತೆರೆದರೆ ಬರೆಸಿದ್ದು ಕಾಣುತ್ತದೆ. ಅಂಗಡಿಯಲ್ಲೇ ಒಂದೆರಡು ಫೈಲು ಹೀಗೆ ನೋಡಿಕೊಂಡು ಆಮೇಲೆ ದುಡ್ಡು ಕೊಡಿ.