ಕೋವಿನ್ ಸ್ಲಾಟು, ಆಶಾ ಟೋಕನ್ನು: 2021ರ ಕರಾವಳಿಯಲ್ಲಿ ಲಸಿಕೆಗೆ ಯಾವುದು ಅನುಕೂಲವಾಗಿತ್ತು?

ಮಂಗಳೂರು, ಉಡುಪಿ ಕಡೆ ಕೊರೋನಾ ಲಸಿಕೆ ಹಾಕಿಸಿಕೊಳ್ಳಲು 2021ರಲ್ಲಿ ಎರಡು ದಾರಿ ಇತ್ತು. ಒಂದು ಸರ್ಕಾರದ ಕೋವಿನ್ ಜಾಲತಾಣದಲ್ಲಿ ಹಿಡಿಯುವ ಸ್ಲಾಟು, ಅಂದರೆ ಲಸಿಕೆಗೆ ಗೊತ್ತುಮಾಡಿದ ದಿನ ಮತ್ತು ಹೊತ್ತು; ಇನ್ನೊಂದು ಊರಿನ ಆಶಾ ಕಾರ್ಯಕರ್ತೆ ಕೊಡುತ್ತಿದ್ದ ಟೋಕನ್ನು. ಯಾವ ದಾರಿಯಲ್ಲಿ ಹೋದರೂ ಹೆಸರು ಕೊನೆಗೆ ಬೀಳುತ್ತಿದ್ದುದು ಕೋವಿನ್ನಿನ ಕಡತಕ್ಕೇ. ಹಾಗಾಗಿ ಅದರ ಎರಡು ಕೆಲಸಗಳನ್ನು ಬೇರೆ ಬೇರೆ ತೂಗಬೇಕು. ಯಾರಿಗೆ, ಯಾವ ದಿನ, ಯಾವ ಲಸಿಕೆ ಎಂದು ಬರೆದಿಡುವುದರಲ್ಲಿ ಅದು ಗಟ್ಟಿ. ಸರದಿ ಹಂಚುವುದರಲ್ಲಿ ಸಡಿಲು. ಐದಕ್ಕೆ ಮೂರು ಅಂಕ ಕೊಡಬಹುದು, ಅದೂ ಕಡತದ ಮುಖ ನೋಡಿ.

ಸರದಿ ಸಡಿಲು ಎನ್ನಲು ಕಾರಣ ಸರಳ: ಇಲ್ಲಿ ಕಾಯುವವರ ಪಟ್ಟಿಯೇ ಇರಲಿಲ್ಲ. ಹೆಸರು ನೋಂದಾಯಿಸಿದರೆ ಸಾಲಿನಲ್ಲಿ ನಿಂತ ಹಾಗಾಗುತ್ತಿರಲಿಲ್ಲ. ಸ್ಲಾಟು ತೆರೆದ ಗಳಿಗೆಯಲ್ಲಿ ಯಾರ ಬೆರಳು ಚುರುಕೋ ಅವರಿಗೆ ಸಿಗುತ್ತಿತ್ತು. 2021ರ ಏಪ್ರಿಲ್ 28ರ ಸಂಜೆ 4ಕ್ಕೆ 18 ದಾಟಿದವರಿಗೆ ನೋಂದಣಿ ಶುರುವಾದಾಗ ಜಾಲತಾಣ ಮಂಡಿಯೂರಿತ್ತು. ಮೇ 14ರಿಂದ ರಾಜ್ಯದಲ್ಲಿ 18ರಿಂದ 44ರವರ ಲಸಿಕೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದರು. ಅದು ದಾಸ್ತಾನಿನ ತೊಂದರೆ, ತಂತ್ರಾಂಶದ್ದಲ್ಲ. ಆದರೆ ನೋಂದಣಿ ಮುಗಿಸಿ ಸರದಿ ಬರುತ್ತದೆಂದು ಕೂತವರಿಗೆ ಪರದೆಯ ಮೇಲೆ ಈ ವ್ಯತ್ಯಾಸ ಕಾಣುತ್ತಿರಲಿಲ್ಲ.

ಈಗ ಬುಕ್ಕಿಂಗ್ ವಿಚಾರ. ಮೊಬೈಲ್ ಸಂಖ್ಯೆ ಹಾಕಿದರೆ ಆರಂಕಿಯ ಓಟಿಪಿ ಬರುತ್ತಿತ್ತು, ಆಯುಸ್ಸು 3 ನಿಮಿಷ. ಮಳೆಗೆ ಟವರ್ ಕೈಕೊಡುವ ಊರುಗಳಲ್ಲಿ ಮೊದಲ ಓಟಿಪಿ ಬರುವಷ್ಟರಲ್ಲಿ ಎರಡನೆಯದನ್ನು ಕೇಳಿರುತ್ತಿದ್ದೆವು. ಆಮೇಲೆ ಹಳೆಯದನ್ನು ಹಾಕಿ ತಪ್ಪು ಅನ್ನಿಸಿಕೊಳ್ಳುವುದು. ಕೊನೆಗೆ ಬಂದ ಮೆಸೇಜನ್ನು ಮಾತ್ರ ನೋಡಬೇಕಿತ್ತು. ಒಳಗೆ ಹೋದ ಮೇಲೂ ಸುಮಾರು ಕಾಲು ಗಂಟೆಗೆ ಲಾಗಿನ್ ತಾನಾಗಿ ಮುಚ್ಚುತ್ತಿತ್ತು. ಆದ್ದರಿಂದ ನೋಂದಣಿಯನ್ನು ಹಿಂದಿನ ದಿನವೇ ಮುಗಿಸಿಡಬೇಕಿತ್ತು. ಗುರುತಿನ ಚೀಟಿ, ಹೆಸರು, ಹುಟ್ಟಿದ ವರ್ಷ, ಗಂಡು ಹೆಣ್ಣು, ಕೇಳುತ್ತಿದ್ದುದು ಇಷ್ಟೇ. ಒಂದು ಸಂಖ್ಯೆಯಡಿ ನಾಲ್ಕು ಜನರನ್ನು ಸೇರಿಸಬಹುದಿತ್ತು. ಕೂಡುಕುಟುಂಬಕ್ಕೆ ಎರಡು ಮೊಬೈಲ್ ಬೇಕು ಎಂದಾಯಿತು.

ಕೇಂದ್ರ ಹುಡುಕುವಾಗ ಹೆಚ್ಚಿನವರು ಎಡವುತ್ತಿದ್ದುದು ಪಿನ್‌ಕೋಡ್ ಹಾಕಿ. ಮಣಿಪಾಲದವರು 576104 ಹಾಕಿದರೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಕಾಣುತ್ತಿರಲಿಲ್ಲ, ಅದಿರುವುದು 576101ರಲ್ಲಿ. ಕಂಕನಾಡಿಯ 575002 ಹಾಕಿದವರಿಗೆ ಹಂಪನಕಟ್ಟೆಯ ವೆನ್ಲಾಕ್, ಲೇಡಿಗೋಶನ್ ಆಸ್ಪತ್ರೆಗಳು ಕಾಣುತ್ತಿರಲಿಲ್ಲ. ನಡೆದುಹೋಗುವಷ್ಟು ಹತ್ತಿರವಿದ್ದರೂ ಇಲ್ಲವೆಂದೇ ಲೆಕ್ಕ. ಜಿಲ್ಲೆಯ ಹೆಸರಿನಿಂದ ಹುಡುಕಿ, ಆಮೇಲೆ 'ಉಚಿತ' ಅಥವಾ 'ಪಾವತಿ', ಲಸಿಕೆಯ ಹೆಸರು, ವಯಸ್ಸು ಒತ್ತಿ ಸೋಸಿಕೊಳ್ಳಬೇಕಿತ್ತು. ಏಳು ದಿನದ ಕೋಷ್ಟಕ ಬರುತ್ತಿತ್ತು. ಅದರ ಒಂದೊಂದು ಚೌಕದಲ್ಲೂ ಮೊದಲ ಡೋಸು ಎಷ್ಟು, ಎರಡನೆಯದು ಎಷ್ಟು ಎಂದು ಬೇರೆ ಬೇರೆ ಅಂಕಿ ಇರುತ್ತಿತ್ತು. ಡೋಸು ಇದೆಯೆಂಬ ಹಸಿರು ಕಂಡ ಕೂಡಲೇ ಒತ್ತಿ, ಅದು ಬರೀ ಎರಡನೇ ಡೋಸಿನ ಹಸಿರು ಎಂದು ಆಮೇಲೆ ತಿಳಿದು ಹಣೆ ಬಡಿದುಕೊಂಡವರು ಬಹಳ.

ಸ್ಲಾಟು ಸಿಕ್ಕಿತು ಅನ್ನಿ. ಬುಕ್ಕಿಂಗ್ ಚೀಟಿಯಲ್ಲಿ ನಾಲ್ಕಂಕಿಯ ಗುಪ್ತಸಂಖ್ಯೆ ಇರುತ್ತಿತ್ತು. ಮೇ 8ರಿಂದ ಬಂದ ಏರ್ಪಾಡಿದು. ಬುಕ್ ಮಾಡಿ ಹೋಗದೇ ಇದ್ದವರಿಗೂ 'ನಿಮಗೆ ಲಸಿಕೆ ಹಾಕಲಾಗಿದೆ' ಎಂಬ ಮೆಸೇಜು ಬರುತ್ತಿತ್ತು, ಅದನ್ನು ತಡೆಯಲು ತಂದರು. ಈ ಸಂಖ್ಯೆಯನ್ನು ಮೇಜಿನ ಮುಂದೆ ಕೂತಾಗಲೇ ಹೇಳಬೇಕಿತ್ತು, ಸಾಲಿನಲ್ಲಿ ನಿಂತು ಕೂಗಿ ಹೇಳಬಾರದಿತ್ತು.

ಸಮಯದ ಆಯ್ಕೆಯಲ್ಲಿ ಒಂದು ಗುಟ್ಟಿತ್ತು. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ ಅರ್ಧ ಎಂಎಲ್‌ನಂತೆ ಹತ್ತು ಡೋಸು. ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕೆಂಬ ನಿಯಮ. ಸಂಜೆಯ ಕೊನೆಯ ಸ್ಲಾಟಿಗೆ ಮೂರೇ ಜನ ಬಂದರೆ ಹೊಸ ಸೀಸೆ ಒಡೆಯಲು ಸಿಬ್ಬಂದಿ ಹಿಂದೆಮುಂದೆ ನೋಡುತ್ತಿದ್ದರು, ಏಳು ಡೋಸು ಚೆಲ್ಲಿದ್ದಕ್ಕೆ ಉತ್ತರ ಕೊಡಬೇಕಾದವರು ಅವರೇ ಅಲ್ಲವೇ. 'ನಾಳೆ ಬನ್ನಿ' ಎಂಬ ಮಾತಿನ ಹಿಂದೆ ಹಲವು ಸಲ ಇರುತ್ತಿದ್ದುದು ಈ ಲೆಕ್ಕ. ಬೆಳಿಗ್ಗೆಯ ಸ್ಲಾಟೇ ಕ್ಷೇಮವಾಗಿತ್ತು.

ಇನ್ನು ಟೋಕನ್ನು. ಜೂನ್ 21ರ ನಂತರ ಸರ್ಕಾರಿ ಕೇಂದ್ರದಲ್ಲಿ 18 ದಾಟಿದ ಎಲ್ಲರಿಗೂ ಉಚಿತವಾಗಿತ್ತು, ಮುಂಗಡ ಬುಕ್ಕಿಂಗ್ ಕಡ್ಡಾಯವಿರಲಿಲ್ಲ. ಹೆಬ್ರಿ, ಬೈಂದೂರು, ಬೆಳ್ತಂಗಡಿ ಕಡೆಯ ಹಳ್ಳಿಗಳಲ್ಲಿ ಇದೇ ಮೇಲಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಎಷ್ಟು ಸೀಸೆ ಬಂದಿದೆ ಎಂಬುದು ಜಾಲತಾಣಕ್ಕಿಂತ ಮೊದಲು ಗೊತ್ತಾಗುತ್ತಿದ್ದುದು ಆಶಾ ಕಾರ್ಯಕರ್ತೆಗೆ, ಮನೆಯಲ್ಲಿ ಎಷ್ಟು ಪ್ರಾಯದವರು ಇದ್ದಾರೆಂಬುದೂ ಅವರಿಗೇ ಗೊತ್ತಿತ್ತು. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಗೆ ತುಳುವಿನಲ್ಲಿ ವಿವರಿಸಬಲ್ಲ ಆ್ಯಪ್ ಆಗಿನ್ನೂ ಬಂದಿರಲಿಲ್ಲ ಮಾರಾಯ್ರೆ. ಕೋವಿನ್ನಿಗೆ ಕನ್ನಡವೇ ಬಂದದ್ದು ಜೂನ್‌ನಲ್ಲಿ.

ಆದರೆ ಟೋಕನ್ನಿನ ದಾರಿಯಲ್ಲಿ ದೊಡ್ಡ ಹೊಂಡ ಒಂದಿತ್ತು: ಮೊಬೈಲ್ ಸಂಖ್ಯೆ. ಗಡಿಬಿಡಿಯಲ್ಲಿ ಪಕ್ಕದ ಮನೆಯವರದ್ದೋ, ಮುಂಬೈಯಲ್ಲಿರುವ ಮಗನದ್ದೋ ಸಂಖ್ಯೆ ಬರೆಸಿರುತ್ತಿದ್ದರು. ಎರಡನೇ ಡೋಸಿಗೆ ಹೋದಾಗ ಬೇರೆ ಸಂಖ್ಯೆ ಹೇಳಿದರೆ ಹೊಸ ವ್ಯಕ್ತಿಯೆಂದು ನೋಂದಣಿಯಾಗಿ, ಎರಡನೆಯದು ಮತ್ತೊಂದು 'ಮೊದಲ ಡೋಸು' ಆಗಿ ದಾಖಲಾಗುತ್ತಿತ್ತು. ಕೈಯಲ್ಲಿ ಎರಡು ಅರ್ಧ ಪ್ರಮಾಣಪತ್ರ, ಪೂರ್ತಿಯದು ಒಂದೂ ಇಲ್ಲ. ಮೊದಲ ಡೋಸಿನ ಪ್ರಮಾಣಪತ್ರ ಮುದ್ರಿಸಿ ಇಟ್ಟುಕೊಂಡು, ಅದರ ಹಿಂದೆ ಮೊಬೈಲ್ ಸಂಖ್ಯೆ ಪೆನ್ನಿನಲ್ಲಿ ಬರೆದಿಟ್ಟವರಿಗೆ ಈ ಫಜೀತಿ ಇರಲಿಲ್ಲ. ಯಾವ ಗುರುತಿನ ಚೀಟಿ ಕೊಟ್ಟಿದ್ದರೋ ಎರಡನೇ ಸಲವೂ ಅದನ್ನೇ ಒಯ್ಯಬೇಕಿತ್ತು.

ಖಾಸಗಿ ಆಸ್ಪತ್ರೆಗಳಲ್ಲಿ ನೂಕುನುಗ್ಗಲು ಕಡಿಮೆ, ದರಕ್ಕೆ 2021ರಲ್ಲಿ ಮಿತಿ ಇತ್ತು: ಕೋವಿಶೀಲ್ಡ್ 780, ಕೋವ್ಯಾಕ್ಸಿನ್ 1410, ಸ್ಪುಟ್ನಿಕ್ 1145 ರೂಪಾಯಿ. ತೆರಿಗೆ, 150 ರೂಪಾಯಿಯ ಸೇವಾಶುಲ್ಕ ಎಲ್ಲ ಇದರೊಳಗೇ. ಇದರ ಮೇಲೆ ನೋಂದಣಿ ಶುಲ್ಕ ಎಂದು ಕೇಳಿದರೆ ರಸೀದಿ ಕೇಳಬೇಕಿತ್ತು.

ಕೊಲ್ಲಿಗೆ ಹೋಗುವವರ ಊರಿದು, ಅವರಿಗಾಗಿ ಎರಡು ಮಾತು ಹೆಚ್ಚು. ಕೋವ್ಯಾಕ್ಸಿನ್ 2021ರ ನವೆಂಬರ್ ತನಕ ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಬಳಕೆಯ ಪಟ್ಟಿಯಲ್ಲಿರಲಿಲ್ಲ. ಆದ್ದರಿಂದ ಸ್ಲಾಟು ಸಿಕ್ಕಿತೆಂದು ಒತ್ತುವ ಮೊದಲು ಹೋಗುವ ದೇಶ ಏನನ್ನು ಒಪ್ಪುತ್ತದೆ ನೋಡಬೇಕಿತ್ತು. ಕೋವಿಶೀಲ್ಡ್‌ನ ಎರಡು ಡೋಸುಗಳ ನಡುವೆ 84 ದಿನ ಇರಬೇಕಿತ್ತು, ಅದಕ್ಕೆ ಮುಂಚೆ ಜಾಲತಾಣ ಬುಕ್ ಮಾಡಲು ಬಿಡುತ್ತಿರಲಿಲ್ಲ. ಓದು ಅಥವಾ ಕೆಲಸಕ್ಕೆ ಹೊರದೇಶಕ್ಕೆ ಹೊರಟವರಿಗೆ 28 ದಿನದ ಬಳಿಕ ಕೊಡಲು ಜೂನ್‌ನಲ್ಲಿ ಪ್ರತ್ಯೇಕ ವ್ಯವಸ್ಥೆ ಬಂತು, ಆದರೆ ಅದು ಮನೆಯಲ್ಲಿ ಕೂತು ಮಾಡುವ ಕೆಲಸವಾಗಿರಲಿಲ್ಲ. ಪಾಸ್‌ಪೋರ್ಟ್, ವೀಸಾ ಅಥವಾ ಕೆಲಸದ ಪತ್ರ, ಮೊದಲ ಡೋಸಿನ ಪ್ರಮಾಣಪತ್ರ ಹಿಡಿದು ಜಿಲ್ಲಾಡಳಿತ ಗೊತ್ತುಮಾಡಿದ ಕೇಂದ್ರಕ್ಕೇ ಹೋಗಬೇಕಿತ್ತು. ಪಾಸ್‌ಪೋರ್ಟ್ ಸಂಖ್ಯೆಯನ್ನು ಪ್ರಮಾಣಪತ್ರಕ್ಕೆ ಆಮೇಲೆ ಸೇರಿಸಬಹುದಿತ್ತು, ಹೆಸರು ಮಾತ್ರ ಎರಡರಲ್ಲೂ ಒಂದೇ ಇರಬೇಕಿತ್ತು. ಆಧಾರ್ ಕಾರ್ಡಿನಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಶೆಟ್ಟಿಯೋ ಡಿಸೋಜರೋ ಎಂದು ಪೂರ್ತಿ ಇರುವವರು ನಮ್ಮಲ್ಲಿ ಕಡಿಮೆಯೇ? ಅಂಥವರು ಮೊದಲ ನೋಂದಣಿಗೇ ಪಾಸ್‌ಪೋರ್ಟ್ ಬಳಸಬೇಕಿತ್ತು. ತಿದ್ದುಪಡಿಗೆ ಅವಕಾಶ ಇದ್ದುದು ಒಂದೇ ಸಲ.

ಮಂಜೇಶ್ವರ, ಕಾಸರಗೋಡಿನವರು ದಕ್ಷಿಣ ಕನ್ನಡ ಜಿಲ್ಲೆಯನ್ನು ಆರಿಸಿಕೊಂಡು ಮಂಗಳೂರಿನಲ್ಲಿ ಸ್ಲಾಟು ಹಿಡಿಯಬಹುದಿತ್ತು, ಕೋವಿನ್ ತಡೆಯುತ್ತಿರಲಿಲ್ಲ. ತಡೆಯುತ್ತಿದ್ದುದು ಕೇರಳ ಗಡಿಯ ತಲಪಾಡಿಯ ತಪಾಸಣೆ. ಅಲ್ಲಿ ಲಸಿಕೆ ಆಗಿದ್ದರೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ಬೇಕಿತ್ತು.

ಆಗಸ್ಟ್ 24ರಿಂದ ವಾಟ್ಸಾಪಿನಲ್ಲೂ ಬುಕ್ಕಿಂಗ್ ಬಂತು. 9013151515ಕ್ಕೆ 'ಬುಕ್ ಸ್ಲಾಟ್' ಎಂದು ಇಂಗ್ಲಿಷಿನಲ್ಲಿ ಕಳಿಸಿ, ಬರುವ ಓಟಿಪಿ ಹಾಕಿ, ಪಿನ್‌ಕೋಡ್ ಕೊಡಬೇಕಿತ್ತು. ಮತ್ತೆ ಅದೇ ಪಿನ್‌ಕೋಡಿನ ಕಾಟ. ಪ್ರಮಾಣಪತ್ರ ತೆಗೆಯಲು ಮಾತ್ರ ಈ ಸಂಖ್ಯೆ ಬಹಳ ಒಳ್ಳೆಯದಿತ್ತು, ಜಾಲತಾಣಕ್ಕಿಂತ ಬೇಗ.

ಸೂಜಿ ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸುತ್ತಿದ್ದರು. ಅಲರ್ಜಿಯ ಮೇಲೆ ಕಣ್ಣಿಡಲು ಅದು. ಆ ಹೊತ್ತಿನಲ್ಲೇ ಮೊಬೈಲ್ ನೋಡಬೇಕಿತ್ತು. ಲಸಿಕೆಯ ಹೆಸರು, ಎಷ್ಟನೆಯ ಡೋಸು ಎಂಬುದು ಮೆಸೇಜಿನಲ್ಲಿ ಸರಿ ಬಂದಿದೆಯೇ ಓದಿಕೊಳ್ಳಬೇಕಿತ್ತು. ಬಂದಿಲ್ಲವಾದರೆ, ತಪ್ಪಾಗಿದ್ದರೆ, ಎದ್ದು ಹೊರಡುವ ಮೊದಲು ಕಂಪ್ಯೂಟರಿನ ಮುಂದೆ ಕೂತವರನ್ನು ಕೇಳಬೇಕಿತ್ತು. ನಿಮ್ಮ ಹೆಸರಿನ ಹಾಳೆ ಇನ್ನೂ ಅವರ ಮೇಜಿನ ಮೇಲೇ ಇರುತ್ತಿತ್ತು.