ಈಥ್0 ಹೋಗಿ ಇಎನ್‌ಪಿ3ಎಸ್0 ಬಂದ ಮೇಲೆ: ಸಿಸ್ಟಮ್‌ಡಿಯ ಹೆಸರಿಡುವ ಕ್ರಮದ ವಿಮರ್ಶೆ

ಎರಡು ನೆಟ್‌ವರ್ಕ್ ಕಾರ್ಡ್‌ಗಳಿದ್ದ ಲಿನಕ್ಸ್ ಯಂತ್ರವನ್ನು ಮರುಚಾಲನೆ ಮಾಡಿದರೆ, ನಿನ್ನೆ ಈಥ್0 ಎಂಬ ಹೆಸರಿದ್ದ ಕಾರ್ಡ್ ಇಂದು ಈಥ್1 ಆಗಿ ಎದ್ದುಬರುವ ಸಂಭವವಿತ್ತು. ವ್ಯವಸ್ಥೆಯ ತಿರುಳಾದ ಕರ್ನಲ್ ತನಗೆ ಮೊದಲು ಕಂಡ ಸಾಧನಕ್ಕೆ ಸೊನ್ನೆ, ಆಮೇಲೆ ಕಂಡದ್ದಕ್ಕೆ ಒಂದು ಎಂದು ಅಂಕಿ ಹಚ್ಚುತ್ತಾ ಹೋಗುತ್ತದೆ. ಡ್ರೈವರ್‌ಗಳು ಯಾವ ಸರದಿಯಲ್ಲಿ ಸಿದ್ಧವಾಗುತ್ತವೆ ಎಂಬುದಕ್ಕೆ ಖಾತ್ರಿಯಿಲ್ಲ. ಒಳಜಾಲಕ್ಕೆಂದು ಬರೆದ ಫೈರ್‌ವಾಲ್ ನಿಯಮ ಹೊರಜಾಲದ ಕಾರ್ಡಿಗೆ ಹೋಗಿ ಕೂರಬಹುದಾದ ಈ ಸ್ಥಿತಿಗೆ ಪರಿಹಾರವಾಗಿ 2013ರ ಜನವರಿಯಲ್ಲಿ ಲಿನಕ್ಸ್ ಯಂತ್ರ ಏಳುವಾಗ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿ ತಂತ್ರಾಂಶದ 197ನೇ ಆವೃತ್ತಿಯು ಹೊಸ ಹೆಸರಿಡುವ ಕ್ರಮವನ್ನು ತಂದಿತು. ಅದನ್ನು ಸರ್ವರ್‌ಗಳಲ್ಲಿ ವರ್ಷಗಟ್ಟಲೆ ಬಳಸಿದವನಾಗಿ, ಒಂದು ಉತ್ಪನ್ನವೆಂದೇ ಪರಿಗಣಿಸಿ ಇಲ್ಲಿ ತೂಗಿ ನೋಡಿದ್ದೇನೆ.

ಇದಕ್ಕೂ ಮುಂಚೆ, ಸಾಧನಗಳನ್ನು ನೋಡಿಕೊಳ್ಳುವ ಯುಡೆವ್ ಎಂಬ ತಂತ್ರಾಂಶವು ಪ್ರತಿ ಕಾರ್ಡಿನ ಮ್ಯಾಕ್ ವಿಳಾಸವನ್ನು, ಅಂದರೆ ಆ ಕಾರ್ಡಿನ ಗುರುತಿನ ಸಂಖ್ಯೆಯನ್ನು, ಒಂದು ನಿಯಮಗಳ ಕಡತದಲ್ಲಿ ಬರೆದಿಟ್ಟು ಹಳೆಯ ಹೆಸರನ್ನೇ ಮರಳಿ ಕೊಡಲು ಯತ್ನಿಸುತ್ತಿತ್ತು. ಕೆಟ್ಟ ಕಾರ್ಡನ್ನು ಬದಲಿಸಿದರೆ ಹೊಸದಕ್ಕೆ ಈಥ್1 ಸಿಗುತ್ತಿತ್ತು. ವರ್ಚುವಲ್ ಯಂತ್ರದ ನಕಲು ತೆಗೆದರೆ ಕಡತದಲ್ಲಿ ಸತ್ತ ವಿಳಾಸಗಳು ಉಳಿಯುತ್ತಿದ್ದವು. ಕರ್ನಲ್ ಕೊಡುವ ಹೆಸರುಗಳ ಸಾಲಿನಲ್ಲೇ ಯುಡೆವ್ ಕೂಡ ಹೆಸರು ಬದಲಿಸುತ್ತಿದ್ದುದರಿಂದ ಎರಡರ ನಡುವೆ ಪೈಪೋಟಿಯೂ ಏರ್ಪಡುತ್ತಿತ್ತು. ಡೆಲ್‌ನ ಬಯಾಸ್‌ಡೆವ್‌ನೇಮ್ ಎಂಬ ತಂತ್ರಾಂಶ ಈ ಸಾಲನ್ನು ಬಿಟ್ಟು, ಮದರ್‌ಬೋರ್ಡಿನ ಕಾರ್ಡಿಗೆ ಇಎಮ್1, ಸ್ಲಾಟಿನ ಕಾರ್ಡಿಗೆ ಪಿ3ಪಿ1 ಎಂಬಂತೆ ಹೆಸರಿಟ್ಟಿತು. ಸಿಸ್ಟಮ್‌ಡಿ ಹಿಡಿದದ್ದೂ ಹೆಚ್ಚುಕಡಿಮೆ ಅದೇ ದಾರಿ.

ಹೊಸ ಹೆಸರಿನ ವ್ಯಾಕರಣ ಮೊದಲ ನೋಟಕ್ಕೆ ಅಚ್ಚುಕಟ್ಟಾಗಿದೆ. ಮೊದಲೆರಡು ಅಕ್ಷರ ಜಾಲದ ಬಗೆಯನ್ನು ಹೇಳುತ್ತವೆ: ಇಎನ್ ಎಂದರೆ ಈಥರ್ನೆಟ್, ಡಬ್ಲ್ಯುಎಲ್ ಎಂದರೆ ವೈರ್‌ಲೆಸ್, ಐಬಿ ಎಂದರೆ ಇನ್ಫಿನಿಬ್ಯಾಂಡ್. ಅದರ ಮುಂದೆ ಬರುವುದು ಸಾಧನವಿರುವ ಜಾಗ. ಯಂತ್ರದಲ್ಲೇ ಅಡಕವಾದ ಮೂಲ ತಂತ್ರಾಂಶ, ಅಂದರೆ ಫರ್ಮ್‌ವೇರ್, ಮದರ್‌ಬೋರ್ಡಿನ ಕಾರ್ಡಿಗೆ ಕ್ರಮಸಂಖ್ಯೆ ಕೊಟ್ಟಿದ್ದರೆ ಓ, ಯಂತ್ರ ನಡೆಯುತ್ತಿರುವಾಗಲೇ ಕಾರ್ಡ್ ಬದಲಿಸಬಹುದಾದ ಹಾಟ್‌ಪ್ಲಗ್ ಸ್ಲಾಟಿನ ಸಂಖ್ಯೆ ಸಿಕ್ಕರೆ ಎಸ್, ಎರಡೂ ಇಲ್ಲವಾದರೆ, ಕಾರ್ಡ್‌ಗಳನ್ನು ಯಂತ್ರಕ್ಕೆ ಜೋಡಿಸುವ ಪಿಸಿಐ ಮಾರ್ಗದಲ್ಲಿನ ವಿಳಾಸದ ಬಸ್ ಸಂಖ್ಯೆ ಪಿ ಜೊತೆಗೂ ಸಾಧನ ಸಂಖ್ಯೆ ಎಸ್ ಜೊತೆಗೂ ಸೇರುತ್ತದೆ. ಯಾವುದನ್ನೂ ಕಡತದಲ್ಲಿ ನೆನಪಿಟ್ಟುಕೊಳ್ಳದೆ, ಯಂತ್ರವನ್ನು ನೋಡಿಯೇ ಹೆಸರನ್ನು ಲೆಕ್ಕ ಹಾಕಬಹುದೆಂಬುದು ಇದರ ದೊಡ್ಡ ಗುಣ. ಕೆಟ್ಟ ಕಾರ್ಡ್ ತೆಗೆದು ಅದೇ ಸ್ಲಾಟಿಗೆ ಅಂಥದೇ ಮತ್ತೊಂದನ್ನು ಹಾಕಿದರೆ ಹೆಸರು ಹಾಗೆಯೇ ಉಳಿಯುತ್ತದೆ. ಈ ಒಂದು ಅನುಕೂಲಕ್ಕಾಗಿಯೇ ಹಲವು ರಾತ್ರಿ ನಾನು ಇದಕ್ಕೆ ಕೃತಜ್ಞನಾಗಿದ್ದೇನೆ.

ಆದರೆ ವ್ಯಾಕರಣದ ಒಳಗೆ ಇಳಿದರೆ ಹೊಲಿಗೆಗಳು ಕಾಣತೊಡಗುತ್ತವೆ. ಇಎನ್‌ಎಸ್3 ಎಂಬಲ್ಲಿ ಎಸ್ ಹಾಟ್‌ಪ್ಲಗ್ ಸ್ಲಾಟನ್ನು ಸೂಚಿಸಿದರೆ, ಇಎನ್‌ಪಿ0ಎಸ್3 ಎಂಬಲ್ಲಿ ಅದೇ ಎಸ್ ಪಿಸಿಐ ಸಾಧನ ಸಂಖ್ಯೆಯನ್ನು ಸೂಚಿಸುತ್ತದೆ. ಒಂದೇ ಅಕ್ಷರಕ್ಕೆ ಎರಡು ಅರ್ಥ ಕೊಟ್ಟದ್ದು ನನ್ನ ದೃಷ್ಟಿಯಲ್ಲಿ ಈ ವಿನ್ಯಾಸದ ಸ್ಪಷ್ಟ ತಪ್ಪು. ಬಸ್‌ಗಳ ಗುಂಪಾದ ಪಿಸಿಐ ಡೊಮೇನಿನ ಸಂಖ್ಯೆ ಸೊನ್ನೆಯಲ್ಲದಿದ್ದರೆ ಅದು ದೊಡ್ಡಕ್ಷರದ ಪಿ ಆಗಿ, ಬಸ್ ಚಿಕ್ಕಕ್ಷರದ ಪಿ ಆಗಿ ಒಂದರ ಹಿಂದೊಂದು ಬರುತ್ತವೆ. ಫೋನಿನಲ್ಲಿ ಇದನ್ನು ಓದಿ ಹೇಳಿ ಆ ಕಡೆಯವರಿಂದ ಸರಿಯಾಗಿ ಟೈಪ್ ಮಾಡಿಸಲು ಯತ್ನಿಸಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಪಿಸಿಐ ಸಾಧನಗಳನ್ನು ಪಟ್ಟಿಮಾಡುವ ಎಲ್‌ಎಸ್‌ಪಿಸಿಐ ಆಜ್ಞೆಯು ಬಸ್ ಸಂಖ್ಯೆಯನ್ನು ಹದಿನಾರರ ಪದ್ಧತಿಯಲ್ಲಿ ತೋರಿಸಿದರೆ ಈ ಹೆಸರಿನಲ್ಲಿ ಅದು ದಶಮಾನದಲ್ಲಿರುತ್ತದೆ. ಅಲ್ಲಿ 0ಎ ಎಂದು ಕಂಡ ಬಸ್ಸು ಇಲ್ಲಿ ಪಿ10 ಆಗುತ್ತದೆ, ಅಲ್ಲಿಯ 10 ಇಲ್ಲಿ ಪಿ16 ಆಗುತ್ತದೆ.

ಉದ್ದದ ಮಿತಿ ಇನ್ನೊಂದು ತೊಡಕು. ಲಿನಕ್ಸ್ ಕರ್ನಲ್‌ನಲ್ಲಿ ಇಂಟರ್‌ಫೇಸ್, ಅಂದರೆ ನೆಟ್‌ವರ್ಕ್ ಸಂಪರ್ಕಬಿಂದುವಿನ, ಹೆಸರಿಗೆ 16 ಬೈಟ್‌ಗಳಷ್ಟೇ ಜಾಗ. ಕೊನೆಯದು ಹೆಸರು ಮುಗಿಯಿತೆಂದು ತಿಳಿಸುವ ಶೂನ್ಯಕ್ಕೆ ಮೀಸಲಾದ್ದರಿಂದ ನಮಗೆ ಉಳಿಯುವುದು 15. ಮ್ಯಾಕ್ ವಿಳಾಸವನ್ನೇ ಹೆಸರಾಗಿಸಿದರೆ ಇಎನ್‌ಎಕ್ಸ್ ಎಂಬ ಮೂರು ಅಕ್ಷರ, ವಿಳಾಸದ 12 ಅಂಕಿ ಸೇರಿ ಸರಿಯಾಗಿ 15 ತುಂಬಿಬಿಡುತ್ತದೆ, ಹಾಗಾಗಿ ಅದರ ಮೇಲೆ ವಿಎಲ್‌ಎಎನ್ ಎಂಬ ಪ್ರತ್ಯೇಕ ತಾರ್ಕಿಕ ಜಾಲ ಕಟ್ಟಿ ಕೊನೆಗೆ ಚುಕ್ಕಿ ಮತ್ತು 100 ಸೇರಿಸೋಣವೆಂದರೆ ಜಾಗವೇ ಇರುವುದಿಲ್ಲ. ಜುನಿಪರ್‌ನ ರೂಟರ್‌ಗಳಲ್ಲಿ ಬಗೆಯ ನಂತರ ಕಾರ್ಡ್, ಉಪಕಾರ್ಡ್, ಪೋರ್ಟ್‌ಗಳನ್ನು ಓರೆಗೆರೆಯಿಂದ ಬೇರ್ಪಡಿಸಿ ಬರೆಯುವ ಸೌಕರ್ಯವಿದೆ, ಓದಲು ಬಹಳ ಹಿತ. ಲಿನಕ್ಸ್‌ನಲ್ಲಿ ಪ್ರತಿ ಹೆಸರೂ, ಸಾಧನಗಳ ವಿವರವನ್ನು ಕಡತಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಕಡತದ ಹೆಸರೂ ಆಗುವುದರಿಂದ ಓರೆಗೆರೆಗೆ ಅವಕಾಶವಿಲ್ಲ.

ಇವೆಲ್ಲವನ್ನೂ ಅಭ್ಯಾಸದಿಂದ ನುಂಗಿಕೊಳ್ಳಬಹುದು. ನುಂಗಲಾಗದ್ದು, ಹೆಸರು ಬದಲಾಗುವುದೇ ಇಲ್ಲ ಎಂದು ಬಳಕೆದಾರರು ನಂಬಿಬಿಡುವ ಭ್ರಮೆ. ಬಸ್ ಸಂಖ್ಯೆಯನ್ನು ಯಂತ್ರ ಪ್ರತಿ ಬಾರಿ ಏಳುವಾಗಲೂ ಎಣಿಸಿ ಹಂಚಲಾಗುತ್ತದೆ. ಖಾಲಿ ಸ್ಲಾಟಿಗೆ ಒಂದು ಗ್ರಾಫಿಕ್ಸ್ ಕಾರ್ಡನ್ನೋ ಎನ್‌ವಿಎಮ್‌ಇ ಡಿಸ್ಕನ್ನೋ ಸೇರಿಸಿದರೆ ಎಣಿಕೆ ಮುಂದೆ ಸರಿದು, ಮುಟ್ಟದೇ ಬಿಟ್ಟಿದ್ದ ನೆಟ್‌ವರ್ಕ್ ಕಾರ್ಡ್ ಇಎನ್‌ಪಿ3ಎಸ್0 ಇದ್ದದ್ದು ಇಎನ್‌ಪಿ4ಎಸ್0 ಆಗಬಹುದು. ನಾನೊಮ್ಮೆ ಹೀಗೆ ಡಿಸ್ಕ್ ಸೇರಿಸಿ, ಜಾಲದಿಂದ ಕಡಿದುಹೋದ ಸರ್ವರಿನ ಮುಂದೆ ಕೀಲಿಮಣೆ ಹಿಡಿದು ಕುಳಿತಿದ್ದೆ. ಡ್ರೈವರ್ ಕೂಡ ಹೆಸರು ಕೆಡಿಸಬಲ್ಲದು: ಭೌತಿಕ ಪೋರ್ಟಿನ ಹೆಸರನ್ನು ಹೊಸ ಕರ್ನಲ್‌ನ ಡ್ರೈವರ್ ತಿಳಿಸತೊಡಗಿದರೆ ಹೆಸರಿನ ಕೊನೆಗೆ ಎನ್‌ಪಿ0 ಎಂಬ ಬಾಲ ಅಂಟಿಕೊಳ್ಳುತ್ತದೆ. ಹೆಸರು ಕಟ್ಟುವ ನಿಯಮಗಳೇ ಆವೃತ್ತಿಯಿಂದ ಆವೃತ್ತಿಗೆ ತಿದ್ದುಪಡಿಯಾದ್ದರಿಂದ, ಹಳೆಯ ನಿಯಮಕ್ಕೇ ಅಂಟಿಕೊಳ್ಳಲು 240ನೇ ಆವೃತ್ತಿಯಲ್ಲಿ ಕರ್ನಲ್ ಆಜ್ಞಾಸಾಲಿನ ಆಯ್ಕೆಯೊಂದನ್ನು ಕೊಡಬೇಕಾಯಿತು. ಹೆಸರಿಡುವ ನಿಯಮಕ್ಕೇ ಆವೃತ್ತಿಸಂಖ್ಯೆ ಬೇಕಾದದ್ದು ಸೋಲಿನ ಒಪ್ಪಿಗೆ ಎನ್ನುವವರಿದ್ದಾರೆ. ನನಗೆ ಅದು ಪ್ರಾಮಾಣಿಕತೆಯಾಗಿ ಕಂಡಿತು.

ಕರ್ನಲ್ 5.5ರಿಂದ ಒಂದೇ ಇಂಟರ್‌ಫೇಸ್‌ಗೆ ಹಲವು ಪರ್ಯಾಯ ಹೆಸರುಗಳನ್ನು, 15 ಅಕ್ಷರಗಳ ಮಿತಿ ಮೀರಿಯೂ, ಇಡಬಹುದಾಗಿದೆ. ಇದು ಇಷ್ಟು ವರ್ಷಗಳ ಸುಧಾರಣೆಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು, ಏಕೆಂದರೆ ಸ್ಲಾಟ್ ಹೇಳುವ ಹೆಸರು, ಬಸ್ ಹೇಳುವ ಹೆಸರು ಇವುಗಳಲ್ಲಿ ಒಂದನ್ನೇ ಗೆಲ್ಲಿಸಬೇಕಾದ ಒತ್ತಡ ಇಲ್ಲವಾಗುತ್ತದೆ.

ಹಾಗಾದರೆ ಇದನ್ನು ಬಳಸಬೇಕೇ? ಒಂದೇ ಕಾರ್ಡಿನ ವರ್ಚುವಲ್ ಯಂತ್ರಗಳಲ್ಲಿ ಇದರಿಂದ ಹೆಚ್ಚಿನ ಲಾಭವಿಲ್ಲ; ಕರ್ನಲ್ ಆಜ್ಞಾಸಾಲಿನ ನೆಟ್.ಇಫ್‌ನೇಮ್ಸ್ ಆಯ್ಕೆಗೆ ಸೊನ್ನೆ ಕೊಟ್ಟು ಈಥ್0ಗೆ ಮರಳಿದರೂ ನಷ್ಟವಿಲ್ಲ. ನಾಲ್ಕಾರು ಪೋರ್ಟ್‌ಗಳ ಯಂತ್ರಗಳಲ್ಲಿ ಮಾತ್ರ ತಾನಾಗಿ ಬರುವ ಹೆಸರನ್ನು ಫೈರ್‌ವಾಲ್ ನಿಯಮಗಳಲ್ಲಿ ಬರೆಯುವುದನ್ನು ನಾನು ಬಿಟ್ಟಿದ್ದೇನೆ. ಸಿಸ್ಟಮ್‌ಡಿಯ ಲಿಂಕ್ ಕಡತದಲ್ಲಿ ಮ್ಯಾಕ್ ವಿಳಾಸವನ್ನೋ ಪಿಸಿಐ ದಾರಿಯನ್ನೋ ಹೊಂದಿಸಿ, ಒಳಜಾಲ0, ಹೊರಜಾಲ0 ಎಂಬ ಅರ್ಥದ ಚಿಕ್ಕ ಹೆಸರನ್ನು ನಾನೇ ಇಡುತ್ತೇನೆ. ಹಾಗೆ ಇಡುವಾಗ ಈಥ್ ಎಂದು ಶುರುವಾಗುವ ಹೆಸರನ್ನು ಬಳಸಬಾರದು. ಬಳಸಿದರೆ ಕರ್ನಲ್‌ನೊಂದಿಗಿನ ಹಳೆಯ ಪೈಪೋಟಿ ಮತ್ತೆ ಬಾಗಿಲಿಗೆ ಬರುತ್ತದೆ.