ಮಕ್ಕಳ ರಕ್ಷಣೆ ತರಬೇತಿ, ದಾವಣಗೆರೆ: ಅವಕಾಶ ಸಿಕ್ಕರೆ ಹೋಗಿ

ಶಿಕ್ಷಕರು, ಅಂಗನವಾಡಿಯವರು, ಪೊಲೀಸರು ಎಲ್ಲರಿಗೂ ಒಟ್ಟಿಗೆ ದಾವಣಗೆರೆಯಲ್ಲಿ ನಡೆಸಿದ ತರಬೇತಿ ಇದು. ತುಂಬಾ ಚೆನ್ನಾಗಿತ್ತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೊ ಕಾಯ್ದೆಯನ್ನು ಸುಮ್ನೆ ಓದಿ ಹೇಳಲಿಲ್ಲ, ಮಗು ಬಾಯಿಬಿಟ್ಟಾಗ ನಾವು ಹೇಗೆ ಮಾತಾಡಬೇಕು ಅಂತ ಇಬ್ಬಿಬ್ಬರನ್ನು ಎದುರು ಬದುರು ಕೂರಿಸಿ ಮಾಡಿಸಿದರು. "ಅವನು ಮುಟ್ಟಿದನಾ?" ಅಂತ ಕೇಳಬಾರದು. "ಆಮೇಲೆ ಏನಾಯ್ತು ಪುಟ್ಟಾ?" ಅಂತ ಕೇಳಿ, ಮಗು ಹೇಳುವವರೆಗೂ ಕಾಯಬೇಕು. ಯಾರಿಗೂ ಹೇಳಲ್ಲ ಅಂತ ಮಾತು ಕೊಡಲೇಬಾರದು, ಯಾಕಂದ್ರೆ ಈ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು ಅಲ್ವಾ. ಹೇಳಿಕೆ ಬರೆದುಕೊಳ್ಳುವಾಗ ಪೊಲೀಸರು ಯೂನಿಫಾರ್ಮ್ ಹಾಕಿರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು ಅನ್ನೋದು ಎಷ್ಟೋ ಶಿಕ್ಷಕರಿಗೆ ಗೊತ್ತೇ ಇರಲಿಲ್ಲ.

ಬೇಜಾರಾಗಿದ್ದು ಒಂದೇ. ಸ್ಲೈಡ್‌ಗಳೆಲ್ಲ ಇಂಗ್ಲಿಷ್‌ನಲ್ಲಿದ್ದವು. ಜಗಳೂರು ಕಡೆಯಿಂದ ಬಂದಿದ್ದ ಅಂಗನವಾಡಿ ಟೀಚರ್‌ಗಳು ಪಕ್ಕದವರನ್ನು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದರು. ಹಳ್ಳಿಯ ಮಗು ಮೊದಲು ಹೇಳಿಕೊಳ್ಳೋದೇ ಇವರ ಹತ್ತಿರ, ದಯವಿಟ್ಟು ಮುಂದಿನ ಸಲ ಎಲ್ಲವನ್ನೂ ಕನ್ನಡದಲ್ಲೇ ಕೊಡಿ.